ವಚನಬಲವೂ ಉಗ್ಗುವ ನಾಲಗೆಯೂ

ಕನ್ನಡದಲ್ಲಿ ಮಾತು ತಡೆದು ಬರುವುದಕ್ಕೆ ಎರಡು ಹೆಸರುಗಳಿವೆ. ಎರಡು ವರ್ಷದ ಕೂಸಿನ ಬಾಯಿಂದ ಅರ್ಧ ಮುರಿದ ಶಬ್ದ ಹೊರಟರೆ ಅದು ತೊದಲು. ಅದನ್ನು ಕೇಳುವುದಕ್ಕೆ ಅಜ್ಜಿ ಕೈಯಲ್ಲಿನ ಕೆಲಸ ಬಿಟ್ಟು ಬಂದು ಕೂಡುತ್ತಾಳೆ. ಅಂಗಡಿಯಿಂದ ಬಂದ ತಂದೆ ಇನ್ನೊಮ್ಮೆ ಹೇಳೆಂದು ಮುದ್ದಿಸುತ್ತಾನೆ. ಅದೇ ಕೂಸು ಹತ್ತು ವರ್ಷದ ಹುಡುಗನಾಗಿ ತನ್ನ ಹೆಸರಿನ ಮೊದಲ ಅಕ್ಷರದಲ್ಲಿಯೇ ಸಿಕ್ಕಿಬಿದ್ದು ತುಟಿ ಅದುರಿಸಿದರೆ ಅದು ಉಗ್ಗು. ಆಗ ಕೇಳುವವರ ತಾಳ್ಮೆ ಮೂರು ಕ್ಷಣಕ್ಕೆ ಮುಗಿಯುತ್ತದೆ. ಒಬ್ಬರು ಆ ಪದವನ್ನು ತಾವೇ ಪೂರ್ತಿ ಮಾಡಿಕೊಡುತ್ತಾರೆ, ಇನ್ನೊಬ್ಬರು ನಿಧಾನವಾಗಿ ಹೇಳಪ್ಪ ಎನ್ನುತ್ತಾರೆ, ಮೂರನೆಯವರು ನಗುತ್ತಾರೆ. ಮೂವರಲ್ಲಿ ಇಬ್ಬರು ತಾವು ಉಪಕಾರವನ್ನೇ ಮಾಡಿದೆವೆಂದು ತಿಳಿದಿರುತ್ತಾರೆ. ಇಲ್ಲಿನ ವಿಚಾರ ನಕ್ಕವನದಲ್ಲ; ಉಪಕಾರ ಮಾಡಿದ ಆ ಇಬ್ಬರದು.

ಸಂಸಾರಿ ಜೀವಕ್ಕೆ ಹತ್ತು ಪ್ರಾಣಗಳೆಂದು ಶಾಸ್ತ್ರಕಾರರು ಎಣಿಸಿರುವುದು ವಾಚಕರಿಗೆ ತಿಳಿದ ಸಂಗತಿಯೇ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯುಷ್ಯ. ಏಕೇಂದ್ರಿಯಕ್ಕೆ ಇವುಗಳಲ್ಲಿ ನಾಲ್ಕು ಮಾತ್ರ. ದ್ವೀಂದ್ರಿಯಕ್ಕೆ ರಸನೆಯೂ ವಚನಬಲವೂ ಕೂಡಿ ಆರಾಗುತ್ತವೆ. ಪ್ರಮಾದದಿಂದ ಕೂಡಿದ ಯೋಗದ ಮೂಲಕ ಪ್ರಾಣಗಳಿಗೆ ಘಾತವಾಗುವುದನ್ನೇ ಉಮಾಸ್ವಾಮಿಯವರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯೆಂದು ನಿರೂಪಿಸಿದ್ದಾರೆ. ಕಣ್ಣಿಗಾಗಲಿ ಕೈಕಾಲಿಗಾಗಲಿ ಆದ ಘಾತ ಯಾರಿಗಾದರೂ ಕಾಣುತ್ತದೆ. ಹತ್ತರಲ್ಲೊಂದಾದ ವಚನಬಲಕ್ಕೆ ಆದ ಘಾತವನ್ನು ಹಿಂಸೆಯ ಲೆಕ್ಕದಲ್ಲಿ ಬರೆದುಕೊಳ್ಳುವವರು ವಿರಳ. ಅಲ್ಲಿ ರಕ್ತ ಸುರಿಯುವುದಿಲ್ಲ, ಮಗು ಸುಮ್ಮನಾಗುತ್ತದೆ ಅಷ್ಟೆ. ಉಪಕಾರದ ಬುದ್ಧಿಯಿಂದಲೇ ಹೊರಟವನು ಇಂತಹ ಘಾತದ ಹೊಣೆಯಿಂದ ಮುಕ್ತನೇ ಎಂಬುದು ಪ್ರಶ್ನೆ. ಉಗ್ಗಿನ ಚಿಕಿತ್ಸೆಯ ಇತಿಹಾಸದಷ್ಟು ಸ್ಪಷ್ಟವಾಗಿ ಈ ಪ್ರಶ್ನೆಯನ್ನು ಮುಂದಿಡುವ ವಿಷಯ ಬೇರೆ ದೊರಕುವುದು ಕಷ್ಟ.

ಮೊದಲು ರೋಗದ, ಅಥವಾ ರೋಗವೆಂದು ಕರೆಯಬಹುದಾದುದರ, ಪ್ರಮಾಣವನ್ನು ತಿಳಿಯುವುದು ಉಚಿತ. ಪ್ರಾಯಕ್ಕೆ ಬಂದವರಲ್ಲಿ ಸುಮಾರು ನೂರಕ್ಕೆ ಒಬ್ಬರು ಉಗ್ಗುತ್ತಾರೆ. ಭಾಷೆ, ಕುಲ, ದೇಶಗಳ ಭೇದ ಇದಕ್ಕಿಲ್ಲ. ಮಕ್ಕಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ನೂರಕ್ಕೆ ಐದು ಮಂದಿಯಾದರೂ ಒಂದಲ್ಲ ಒಂದು ಕಾಲದಲ್ಲಿ, ಬಹುಮಟ್ಟಿಗೆ ಎರಡರಿಂದ ಐದು ವರ್ಷಗಳ ನಡುವೆ, ಉಗ್ಗತೊಡಗುತ್ತಾರೆ. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಅದು ತಾನಾಗಿ ಬಿಟ್ಟುಹೋಗುತ್ತದೆ. ಉಳಿದುಕೊಂಡವರಲ್ಲಿ ಗಂಡಸರು ನಾಲ್ವರಿದ್ದರೆ ಹೆಂಗಸು ಒಬ್ಬಳು. ಬುದ್ಧಿಗೂ ಉಗ್ಗಿಗೂ ಸಂಬಂಧವಿಲ್ಲ. ಹೇಳಬೇಕಾದ ಮಾತು ಅವನ ಮನಸ್ಸಿನಲ್ಲಿ ಸಿದ್ಧವಾಗಿಯೇ ಇರುತ್ತದೆ, ಬಾಗಿಲು ತೆರೆಯುವುದಿಲ್ಲ. ಕಠಿಣವಾದ ಪದದ ಬದಲು ಸುಲಭವಾದ ಇನ್ನೊಂದನ್ನು ಹುಡುಕಿ ಆಡುವ ಚಾತುರ್ಯವನ್ನು ಉಗ್ಗುವವನು ಎಳವೆಯಲ್ಲಿಯೇ ಕಲಿತಿರುತ್ತಾನೆ. ಆದರೆ ಸ್ವಂತ ಹೆಸರಿಗೆ ಬದಲು ಹೆಸರಿಲ್ಲ. ಆದುದರಿಂದ ಅನೇಕರಿಗೆ ಎಲ್ಲಕ್ಕಿಂತ ಕಠಿಣವಾದ ಪದ ತಮ್ಮ ಹೆಸರೇ. ದೂರವಾಣಿಯೂ ಹಾಗೆಯೇ. ಪೂಜೆಯ ಸವಾಲು ಕೂಗುವ ಸಭೆಯಲ್ಲಿ ಜೇಬಿನಲ್ಲಿ ಹಣವಿದ್ದೂ ಮನಸ್ಸಿನಲ್ಲಿ ಭಕ್ತಿಯಿದ್ದೂ ಬಾಯಿ ತೆರೆಯದೆ ಕುಳಿತವರಲ್ಲಿ ಇಂತಹವರು ಎಷ್ಟು ಮಂದಿಯೋ, ಲೆಕ್ಕವಿಟ್ಟವರಿಲ್ಲ.

ಇಂತಹವನನ್ನು ಕಂಡು ಕನಿಕರಪಟ್ಟವರು ಎಲ್ಲ ಕಾಲದಲ್ಲಿಯೂ ಇದ್ದರು, ಮತ್ತು ಕನಿಕರಪಟ್ಟವರೆಲ್ಲರೂ ಏನಾದರೊಂದು ಮಾಡಿದರು. ಕರ್ನಾಟಕದ ಮನೆಗಳಲ್ಲಿ ಬಜೆಯ ಬೇರನ್ನು ತೇದು ಕೂಸಿನ ನಾಲಗೆಗೆ ಸವರುವ ಪದ್ಧತಿಯುಂಟು. ಸಂಸ್ಕೃತದಲ್ಲಿ ಆ ಬೇರಿನ ಹೆಸರೇ ವಚಾ. ಗ್ರೀಕರ ವಾಗ್ಮಿ ಡೆಮಾಸ್ತನೀಸನು ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತನಾಡಲು ಅಭ್ಯಾಸಮಾಡಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಇವು ಸೌಮ್ಯವಾದ ಉಪಾಯಗಳು. 1841ರಲ್ಲಿ ಬರ್ಲಿನ್ ನಗರದ ಖ್ಯಾತ ಶಸ್ತ್ರವೈದ್ಯ ಯೋಹಾನ್ ಡೀಫೆನ್‌ಬಾಖ್ ಎಂಬವರು ದೋಷ ನಾಲಗೆಯ ಸ್ನಾಯುಗಳಲ್ಲಿದೆಯೆಂದು ನಿರ್ಧರಿಸಿ ಉಗ್ಗುವವರ ನಾಲಗೆಯನ್ನೇ ಕೊಯ್ಯತೊಡಗಿದರು. ಈಥರ್ ಕೊಟ್ಟು ಅರಿವು ತಪ್ಪಿಸುವ ವಿದ್ಯೆ ಆಸ್ಪತ್ರೆಗಳಿಗೆ ಬಂದದ್ದು ಅದಾದ ಐದು ವರ್ಷಗಳ ಮೇಲೆ. ಅಂದರೆ ಆ ರೋಗಿಗಳು ಎಚ್ಚರವಾಗಿಯೇ ಇದ್ದರು. ಬೇರೆ ದೇಶಗಳ ವೈದ್ಯರೂ ಕೆಲಕಾಲ ಅವರನ್ನು ಅನುಸರಿಸಿದರು; ಅನಂತರ ಪ್ರಯೋಜನವಿಲ್ಲವೆಂದು ಕಂಡುಬಂದು ಕೈಬಿಟ್ಟರು. ಡೀಫೆನ್‌ಬಾಖ್ ಕ್ರೂರಿಯಾಗಿರಲಿಲ್ಲ. ಅವರು ಮುಖದ ವಿಕಾರಗಳನ್ನು ಸರಿಪಡಿಸಿ ಅನೇಕರ ಬದುಕನ್ನು ಹಸನುಗೊಳಿಸಿದ ವೈದ್ಯರು. ತಮಗೆ ತಿಳಿಯದುದನ್ನು ತಿಳಿದೆನೆಂದು ಭಾವಿಸಿದ್ದು ಅವರ ದೋಷ. ಪ್ರಮಾದವೆಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೂ ಡೀಫೆನ್‌ಬಾಖರ ರೋಗಿಗಳು ತಾವಾಗಿ ವೈದ್ಯರ ಬಳಿ ಹೋದವರು. ಇನ್ನೊಂದು ಪ್ರಸಂಗದಲ್ಲಿ ಅಷ್ಟೂ ಇಲ್ಲ. ಅದು ಅಮೆರಿಕದ ಅಯೋವಾ ರಾಜ್ಯದಲ್ಲಿ 1939ರಲ್ಲಿ ನಡೆದದ್ದು.

ಉಗ್ಗಿನ ವೈಜ್ಞಾನಿಕ ಅಧ್ಯಯನ ಆ ದೇಶದಲ್ಲಿ ಬೇರೂರಿದ್ದು ಅಯೋವಾ ವಿಶ್ವವಿದ್ಯಾಲಯದಲ್ಲಿ. 1920ರ ದಶಕದಲ್ಲಿ ಅಲ್ಲಿನ ಲೀ ಎಡ್ವರ್ಡ್ ಟ್ರಾವಿಸ್ ಎಂಬ ವಿದ್ವಾಂಸರು ಮಿದುಳಿನ ಎಡ ಬಲ ಭಾಗಗಳ ನಡುವಿನ ಯಜಮಾನಿಕೆ ಸ್ಪಷ್ಟವಾಗಿಲ್ಲದಿರುವುದೇ ಉಗ್ಗಿಗೆ ಕಾರಣವೆಂದು ನಂಬಿದ್ದರು. ಆ ನಂಬಿಕೆಯ ಮೇರೆಗೆ ಉಗ್ಗುವ ವಿದ್ಯಾರ್ಥಿಗಳ ಬಲಗೈಯ ಬಳಕೆಯನ್ನು ತಡೆದು ಅವರನ್ನು ಎಡಗೈಯವರನ್ನಾಗಿಸುವ ಯತ್ನವೂ ನಡೆಯಿತು. ಅಲ್ಲಿಗೆ ಬಂದು ಸೇರಿದ ಒಬ್ಬ ಉಗ್ಗುವ ತರುಣ ವೆಂಡೆಲ್ ಜಾನ್ಸನ್. 1906ರಲ್ಲಿ ಕ್ಯಾನ್ಸಾಸ್ ರಾಜ್ಯದಲ್ಲಿ ಜನಿಸಿದ ಅವರು ತಮ್ಮ ಉಗ್ಗಿಗೆ ಪರಿಹಾರ ಹುಡುಕುತ್ತ ಅಯೋವಾಕ್ಕೆ ಬಂದು, ಅಲ್ಲಿಯೇ ವಿದ್ಯಾರ್ಥಿಯಾಗಿ, ಕೊನೆಗೆ ಪ್ರಾಧ್ಯಾಪಕರೂ ಆದರು. ಉಗ್ಗುವವನ ಅಂತರಂಗವನ್ನು ಕುರಿತು 1930ರಲ್ಲಿಯೇ ಪುಸ್ತಕ ಬರೆದವರು. ಅವರ ಮನಸ್ಸಿನಲ್ಲಿ ಬೇರೊಂದು ವಿಚಾರ ಬಲಿಯಿತು. ಎಲ್ಲ ಮಕ್ಕಳೂ ಎಳವೆಯಲ್ಲಿ ತಡವರಿಸುತ್ತಾರೆ. ತಾಯಿತಂದೆಗಳು ಅದನ್ನು ದೋಷವೆಂದು ಹೆಸರಿಟ್ಟು ತಿದ್ದಲು ಹೊರಟಾಗಲೇ ಮಗು ಹೆದರಿ ನಿಜವಾಗಿ ಉಗ್ಗತೊಡಗುತ್ತದೆ. ಆದುದರಿಂದ ಉಗ್ಗಿನ ಮೂಲ ಮಗುವಿನ ಬಾಯಲ್ಲಲ್ಲ, ಹಿರಿಯರ ಕಿವಿಯಲ್ಲಿದೆ ಎಂಬುದು ಅವರ ವಾದ. ಈ ವಾದದಲ್ಲಿ ಮಾನವೀಯವಾದ ಅಂಶ ಬಹಳವಿತ್ತೆಂಬುದನ್ನು ಒಪ್ಪಬೇಕು. ಇದನ್ನು ಪರೀಕ್ಷಿಸಲು ಆಯ್ದುಕೊಂಡ ಮಾರ್ಗ ಮಾತ್ರ ಬೇರೆಯಾಗಿತ್ತು.

ಮೇರಿ ಟ್ಯೂಡರ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿನಿ ಜಾನ್ಸನ್ನರ ಮಾರ್ಗದರ್ಶನದಲ್ಲಿ ಡೇವನ್‌ಪೋರ್ಟ್ ನಗರದ ಅನಾಥಾಲಯಕ್ಕೆ ಹೋದರು. ಸೈನಿಕರ ಹಾಗೂ ನಾವಿಕರ ಅನಾಥ ಮಕ್ಕಳಿಗಾಗಿ ಸ್ಥಾಪಿಸಿದ ಆಲಯವದು. ಇಪ್ಪತ್ತೆರಡು ಮಕ್ಕಳನ್ನು ಆರಿಸಲಾಯಿತು. ಹತ್ತು ಮಂದಿ ಉಗ್ಗುವವರು, ಹನ್ನೆರಡು ಮಂದಿ ಸರಾಗವಾಗಿ ಮಾತನಾಡುವವರು. ಸರಾಗವಾಗಿ ಮಾತನಾಡುವ ಮಕ್ಕಳಲ್ಲಿ ಆರು ಮಂದಿಗೆ, ಅವರ ಮಾತಿನಲ್ಲಿ ಉಗ್ಗಿನ ಲಕ್ಷಣಗಳಿವೆಯೆಂದೂ, ಅದನ್ನು ಕೂಡಲೇ ತಡೆಯಬೇಕೆಂದೂ, ಸರಿಯಾಗಿ ಆಡಲು ಬಾರದಿದ್ದರೆ ಮಾತನಾಡಲೇ ಬಾರದೆಂದೂ ಮತ್ತೆ ಮತ್ತೆ ಹೇಳಲಾಯಿತು. ಅನಾಥಾಲಯದ ಮೇಲ್ವಿಚಾರಕಿಯರೂ ಶಿಕ್ಷಕರೂ ಅದನ್ನೇ ನಂಬಿದರು. ಅವರಿಗೂ ನಿಜ ತಿಳಿಸಿರಲಿಲ್ಲ. ಜನವರಿಯಿಂದ ಮೇ ತಿಂಗಳವರೆಗೆ ಇದು ನಡೆಯಿತು. ಮಕ್ಕಳು ಮಾತು ಕಡಿಮೆ ಮಾಡಿದರು. ಕೆಲವರು ಕೇಳಿದ ಪ್ರಶ್ನೆಗೆ ಒಂದೇ ಶಬ್ದದಲ್ಲಿ ಉತ್ತರಿಸತೊಡಗಿದರು. ಓದಿನಲ್ಲಿ ಹಿಂದೆ ಬಿದ್ದವರೂ ಇದ್ದರು. ಟ್ಯೂಡರ್ ಪ್ರಯೋಗ ಮುಗಿದ ಮೇಲೆ ಅಲ್ಲಿಗೆ ಮರಳಿ ಹೋಗಿ ಮಕ್ಕಳಿಗೆ ಧೈರ್ಯ ಹೇಳಿ ಆದ ಹಾನಿಯನ್ನು ತಿದ್ದಲು ಯತ್ನಿಸಿದರು. ಕೊಟ್ಟ ಭಯವನ್ನು ಹಿಂದಕ್ಕೆ ಪಡೆಯುವುದು ಕೊಟ್ಟಷ್ಟು ಸುಲಭವಲ್ಲ.

ಅದೇ ವರ್ಷದ ಸೆಪ್ಟೆಂಬರ್ 3ರಂದು ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಯುದ್ಧ ಘೋಷಣೆಯಾದ ಸಂಗತಿಯನ್ನು ಕುರಿತು ಆಕಾಶವಾಣಿಯ ಮೂಲಕ ಪ್ರಜೆಗಳಿಗೆ ಭಾಷಣ ಮಾಡಿದರು. ಅವರೂ ಉಗ್ಗುವವರೇ. 1926ರಿಂದ ಅವರಿಗೆ ಮಾತಿನ ಅಭ್ಯಾಸ ಮಾಡಿಸುತ್ತಿದ್ದ ಲಯನೆಲ್ ಲೋಗ್ ಆ ಹೊತ್ತಿನಲ್ಲಿ ಅದೇ ಕೋಣೆಯಲ್ಲಿ ಜೊತೆಗಿದ್ದರು. ದೊರೆಗೆ ಜೊತೆಗೊಬ್ಬರಿದ್ದರು, ಡೇವನ್‌ಪೋರ್ಟಿನ ಮಕ್ಕಳ ಕೋಣೆಯಲ್ಲಿ ಇದ್ದವರು ತಪ್ಪು ಎಣಿಸುವವರು.

ಟ್ಯೂಡರರ ಪ್ರಬಂಧ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿಯಿತು. ಯಾವ ಪತ್ರಿಕೆಯಲ್ಲಿಯೂ ಪ್ರಕಟವಾಗಲಿಲ್ಲ. ಬಲ್ಲವರು ಅದಕ್ಕೆ ರಾಕ್ಷಸ ಅಧ್ಯಯನವೆಂದು ಹೆಸರಿಟ್ಟು ತಮ್ಮತಮ್ಮಲ್ಲಿ ಮಾತನಾಡಿಕೊಂಡರು. 2001ರಲ್ಲಿ ಕ್ಯಾಲಿಫೋರ್ನಿಯದ ಒಂದು ವೃತ್ತಪತ್ರಿಕೆ ಇದನ್ನು ಬಯಲಿಗೆ ತಂದಾಗ, ಎಪ್ಪತ್ತರ ಪ್ರಾಯದ ಮುದುಕ ಮುದುಕಿಯರು ತಮಗೆ ಎಳವೆಯಲ್ಲಿ ಏನಾಯಿತೆಂಬುದನ್ನು ಮೊದಲ ಬಾರಿಗೆ ತಿಳಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರ್ಕಾರ ಸಂತ್ರಸ್ತರಿಗೂ ಮೃತರಾದವರ ವಾರಸುದಾರರಿಗೂ ಒಟ್ಟು 9,25,000 ಡಾಲರ್ ಕೊಟ್ಟು ವ್ಯಾಜ್ಯವನ್ನು ಮುಗಿಸಿತು. ಲೆಕ್ಕದ ಪುಸ್ತಕದಲ್ಲಿ ಈ ಮೊತ್ತವನ್ನು ಖರ್ಚಿನ ಕಡೆ ಬರೆಯುವುದು ಸುಲಭ. ಜಮೆಯ ಕಡೆ ಏನು ಬರೆಯಬೇಕೆಂಬುದು ಯಾವ ಗುಮಾಸ್ತನಿಗೂ ತಿಳಿಯದು.

ಇಲ್ಲಿ ವಿಚಾರಾರ್ಹವಾದ ಒಂದು ಸಂಗತಿಯಿದೆ. 2002ರಲ್ಲಿ ನಿಕೊಲೀನ್ ಆಂಬ್ರೋಸ್ ಮತ್ತು ಎಹೂದ್ ಯೈರಿ ಎಂಬ ವಿದ್ವಾಂಸರು ಆ ಪ್ರಬಂಧದ ಅಂಕಿಗಳನ್ನು ಪುನಃ ಪರಿಶೀಲಿಸಿದರು. ಆ ಆರು ಮಕ್ಕಳಲ್ಲಿ ಯಾರೂ ಉಗ್ಗುವವರಾದರೆಂಬುದಕ್ಕೆ ಅಲ್ಲಿ ಆಧಾರವಿಲ್ಲವೆಂದು ಅವರು ತೀರ್ಮಾನಿಸಿದರು. ಅಂದರೆ ಪ್ರಯೋಗ ಯಾವುದನ್ನು ಸಾಧಿಸಲು ಹೊರಟಿತ್ತೋ ಅದು ಸಾಧಿತವಾಗಲಿಲ್ಲ. ಹಾಗಾದರೆ ಹಿಂಸೆ ನಡೆಯಲಿಲ್ಲವೆನ್ನಬಹುದೇ? ಉಗ್ಗು ಹುಟ್ಟಲಿಲ್ಲವಾದ್ದರಿಂದ ಹಾನಿಯಿಲ್ಲವೆಂದು ವಾದಿಸಿದವರೂ ಉಂಟು. ಪ್ರಾಣಘಾತವೆಂಬುದನ್ನು ಕೇವಲ ನಾಲಗೆಯ ತಡೆಯೆಂದು ಅರ್ಥಮಾಡಿದರೆ ಆ ವಾದ ನಿಲ್ಲುತ್ತದೆ. ವಚನಬಲವೆಂಬ ಶಬ್ದದಲ್ಲಿರುವುದು ಬಲ. ಮಾತು ಸರಾಗವಾಗಿದ್ದೂ ಆಡುವ ಬಲ ಹೋದ ಮಗು, ಉಗ್ಗುತ್ತಲೇ ಧೈರ್ಯವಾಗಿ ಆಡುವ ಮಗುವಿಗಿಂತ ಹೆಚ್ಚು ಕಳೆದುಕೊಂಡಿದೆ. ಇನ್ನೊಂದು ಮಾತು. ಮಕ್ಕಳನ್ನು ಆರಿಸಿದ್ದು ಅನಾಥಾಲಯದಿಂದ. ಕೇಳುವವರಿಲ್ಲದ ಮಕ್ಕಳಾದ್ದರಿಂದಲೇ ಅದು ಸಾಧ್ಯವಾಯಿತು. ತಮ್ಮ ಮಕ್ಕಳನ್ನು ಹೀಗೆ ಒಪ್ಪಿಸಿ ಕೊಡುತ್ತಿದ್ದ ಪ್ರಾಧ್ಯಾಪಕರು ಆ ವಿಶ್ವವಿದ್ಯಾಲಯದಲ್ಲಿ ಎಷ್ಟು ಮಂದಿಯಿದ್ದರು?

ಜಾನ್ಸನ್ನರ ವಾದ ಮಾತ್ರ ಮುಂದಿನ ಹಲವು ದಶಕಗಳ ಕಾಲ ಪ್ರಬಲವಾಗಿ ನಡೆಯಿತು. ಅದರ ಇನ್ನೊಂದು ಫಲವನ್ನು ಉಂಡವರು ತಾಯಂದಿರು. ಕಾರಣ ಕಿವಿಯಲ್ಲಿದೆಯೆಂದ ಮೇಲೆ ಆ ಕಿವಿ ತಾಯಿಯದೇ ಆಗಬೇಕಷ್ಟೆ. ನೀವೇ ಹೆಸರಿಟ್ಟು ಮಗುವನ್ನು ಕೆಡಿಸಿದಿರಿ ಎಂಬ ಮಾತನ್ನು ಬಾಯಿಬಿಟ್ಟು ಹೇಳದಿದ್ದರೂ ಚಿಕಿತ್ಸಕರ ಮುಖದಲ್ಲಿ ಓದಿಕೊಂಡ ತಾಯಂದಿರು ಎಷ್ಟೋ. ಮಗುವಿನ ಮೇಲಿನ ದೋಷವನ್ನು ತೆಗೆದು ತಾಯಿಯ ಮೇಲೆ ಇಟ್ಟಂತಾಯಿತು, ಹೊರೆ ಕಡಿಮೆಯಾಗಲಿಲ್ಲ.

ಈ ಹೊರೆಯನ್ನು ಇಳಿಸಿದ ಶ್ರೇಯಸ್ಸು ನರವಿಜ್ಞಾನಕ್ಕೆ ಸಲ್ಲಬೇಕು. ಮಾತನಾಡುತ್ತಿರುವ ಜೀವಂತ ಮನುಷ್ಯನ ಮಿದುಳನ್ನು ನೋಡುವ ಯಂತ್ರಗಳು ಬಂದ ಮೇಲೆ ವಿಷಯ ಬೇರೆಯ ದಾರಿ ಹಿಡಿಯಿತು. 1996ರಲ್ಲಿ ಅಮೆರಿಕದ ಟೆಕ್ಸಾಸಿನ ಪೀಟರ್ ಫಾಕ್ಸ್ ಮತ್ತು ಅವರ ಸಹೋದ್ಯೋಗಿಗಳು ಉಗ್ಗುವವರು ಒಬ್ಬರೇ ಓದುವಾಗಲೂ ಇತರರೊಡನೆ ಏಕಕಂಠದಲ್ಲಿ ಓದುವಾಗಲೂ ಮಿದುಳಿನ ಚಿತ್ರ ತೆಗೆದರು. ಒಬ್ಬರೇ ಓದುವಾಗ ಬಲಭಾಗದ ಚಲನಾಕೇಂದ್ರಗಳು ಅತಿಯಾಗಿ ದುಡಿಯುತ್ತಿದ್ದವು; ತನ್ನ ಧ್ವನಿಯನ್ನು ತಾನೇ ಕೇಳಿಸಿಕೊಳ್ಳಬೇಕಾದ ಭಾಗ ಮಂಕಾಗಿತ್ತು. ಜೊತೆಗೂಡಿ ಓದಿದೊಡನೆ ಉಗ್ಗು ನಿಂತಿತು. ಆ ವ್ಯತ್ಯಾಸವೂ ಬಹುಮಟ್ಟಿಗೆ ಇಳಿಯಿತು. 2002ರಲ್ಲಿ ಜರ್ಮನಿಯ ಮಾರ್ಟಿನ್ ಸೊಮ್ಮರ್, ಅವರು ಸ್ವತಃ ಉಗ್ಗುವ ನರರೋಗತಜ್ಞರು, ಎಡ ಮಿದುಳಿನಲ್ಲಿ ಬಾಯಿ ಮತ್ತು ಗಂಟಲನ್ನು ನಡೆಸುವ ಭಾಗದ ಕೆಳಗೆ ನರತಂತುಗಳ ಜೋಡಣೆ ಉಗ್ಗುವವರಲ್ಲಿ ಶಿಥಿಲವಾಗಿರುವುದನ್ನು ತೋರಿಸಿದರು. ಮುಂದೆ ಮಿಶಿಗನ್ ವಿಶ್ವವಿದ್ಯಾಲಯದ ಸೂ-ಉನ್ ಚಾಂಗ್ ಮತ್ತಿತರರು ಚಿಕ್ಕ ಮಕ್ಕಳಲ್ಲಿಯೂ ಇಂತಹ ಭೇದವನ್ನು ಕಂಡರು. ಮಾತಿನ ಕಾಲವನ್ನು ಅಳೆದುಕೊಡುವ, ಮಿದುಳಿನ ಆಳದಲ್ಲಿರುವ ಕೇಂದ್ರಗಳೂ ಇದರಲ್ಲಿ ಭಾಗಿಗಳೆಂಬ ಅಭಿಪ್ರಾಯ ಈಗ ಬಲವಾಗಿದೆ.

ವಂಶಪಾರಂಪರ್ಯದ ವಿಷಯದಲ್ಲಿಯೂ ಬೆಳಕು ಬಿದ್ದಿದೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೆನಿಸ್ ಡ್ರೈನಾ ಮತ್ತು ಸಂಗಡಿಗರು ಪಾಕಿಸ್ತಾನದ ಕುಟುಂಬಗಳಿಂದ ಆರಂಭಿಸಿ ಉಗ್ಗಿಗೆ ಸಂಬಂಧಿಸಿದ ಮೂರು ವಂಶವಾಹಿಗಳನ್ನು ಗುರುತಿಸಿದರು. ಜೀವಕೋಶದ ಕಸವನ್ನು ಕರಗಿಸುವ ವ್ಯವಸ್ಥೆಗೆ ಸಂಬಂಧಪಟ್ಟವು ಅವು; ಮಾತಿಗೂ ಕಸಕ್ಕೂ ಏನು ಸಂಬಂಧವೆಂದು ವಿಜ್ಞಾನಿಗಳೇ ಬೆರಗಾದರು. 2025ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಮುಂದಾಗಿ ಹನ್ನೊಂದು ಲಕ್ಷದಷ್ಟು ಜನರ ವಂಶವಾಹಿ ವಿವರಗಳನ್ನು ಹೋಲಿಸಿ, ಉಗ್ಗಿಗೆ ಸಂಬಂಧಿಸಿದ 57 ಸ್ಥಾನಗಳನ್ನು ಗುರುತಿಸಿದರು. ಪ್ರತಿಯೊಂದರ ಪಾಲೂ ಅಲ್ಪ. ಎಲ್ಲ ವಿಷಯಕ್ಕೂ ಅನೇಕಾಂತವನ್ನು ಎಳೆದು ತರುವುದು ಇತ್ತೀಚೆಗೆ ಒಂದು ಅಭ್ಯಾಸವೇ ಆಗಿಬಿಟ್ಟಿದೆಯಾದರೂ, ನಾಲಗೆಯೊಂದೇ, ತಾಯಿಯೊಬ್ಬಳೇ, ಕೈಯೊಂದೇ ಎಂದು ಏಕಾಂತವಾಗಿ ಹಟಹಿಡಿದವರೆಲ್ಲ ಈ ವಿಷಯದಲ್ಲಿ ಸೋತಿರುವುದು ಗಮನಾರ್ಹ.

ಏಕಕಂಠದ ಓದಿನ ಸಂಗತಿಯಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬಸದಿಗಳ ಪಾಠಶಾಲೆಗೆ ಅದು ನೇರವಾಗಿ ಸಂಬಂಧಿಸಿದೆ. ಎಲ್ಲ ಮಕ್ಕಳೊಡನೆ ಸ್ತೋತ್ರ ಹೇಳುವಾಗ ಒಂದಕ್ಷರವೂ ತಡೆಯದ ಹುಡುಗ, ಒಬ್ಬನೇ ಎದ್ದುನಿಂತು ಹೇಳೆಂದಾಗ ಮೊದಲ ಪದದಲ್ಲಿಯೇ ನಿಂತುಬಿಡುತ್ತಾನೆ. ಹಾಡಿನಲ್ಲಿಯೂ ಅವನಿಗೆ ತಡೆಯಿಲ್ಲ. ಇದನ್ನು ಕಂಡ ಗುರುಗಳು ಮತ್ತು ಹಿರಿಯರು ಸಹಜವಾಗಿಯೇ ಇವನಿಗೆ ಬರುತ್ತದೆ, ಬೇಕೆಂದೇ ಹೀಗೆ ಮಾಡುತ್ತಾನೆ, ಅಥವಾ ಪಾಠ ಕಲಿತಿಲ್ಲ ಎಂದುಕೊಳ್ಳುತ್ತಾರೆ. ನಿಜವಾಗಿ ಹೊರಗಿನಿಂದ ಬರುವ ಇತರರ ಧ್ವನಿಯ ಲಯ, ಅವನ ಮಿದುಳು ತಾನಾಗಿ ಒದಗಿಸಲು ಕಷ್ಟಪಡುವ ಕಾಲಮಾಪನವನ್ನು ಎರವಲು ಕೊಡುತ್ತಿರುತ್ತದೆ ಎಂಬುದು ತಜ್ಞರ ವಿವರಣೆ. ಮಾಯಾಚಾರವೆಂಬ ಆರೋಪವನ್ನು ಹೊತ್ತುಕೊಂಡ ಆ ಹುಡುಗ ಅದನ್ನು ಅಲ್ಲಗಳೆಯುವುದಕ್ಕೂ ಮಾತೇ ಬೇಕು. ಆ ಮಾತೇ ಅವನಿಗೆ ಬರದು.

ಕರ್ಮದ ಮಾತು ಬರುವುದೂ ಇಲ್ಲಿಯೇ. ಇದು ದುಃಸ್ವರ ನಾಮಕರ್ಮದ ಉದಯ, ಅನುಭವಿಸಿ ತೀರಿಸಬೇಕು ಎಂದು ಹೇಳಿ ಮುಗಿಸುವ ಹಿರಿಯರಿದ್ದಾರೆ. ದುಃಸ್ವರವೆಂದರೆ ಕೇಳಲು ಅಪ್ರಿಯವಾದ ಸ್ವರ. ಉಗ್ಗುವ ಹುಡುಗ ಹಾಡಿದರೆ ಸ್ವರ ಇಂಪಾಗಿಯೇ ಇರಬಹುದು. ಆದುದರಿಂದ ಶಾಸ್ತ್ರದ ಆ ಶಬ್ದವನ್ನು ಇಲ್ಲಿ ಬಳಸುವುದೇ ಸಂದೇಹಾಸ್ಪದ. ಅಂತರಂಗ ಕಾರಣವಾಗಿ ಕರ್ಮ ಯಾವುದೇ ಇರಲಿ, ಬಾಹ್ಯ ನಿಮಿತ್ತಗಳನ್ನು ಸರಿಪಡಿಸಬಾರದೆಂದು ಯಾವ ಆಚಾರ್ಯರೂ ಹೇಳಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನುಂಗುವಾಗ ಅಸಾತಾವೇದನೀಯದ ಉದಯವೆಂದು ಲೋಟದ ನೀರನ್ನು ಕೆಳಗಿಟ್ಟ ಗೃಹಸ್ಥರು ಕಂಡುಬಂದಿಲ್ಲ. ಕರ್ಮಸಿದ್ಧಾಂತ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಇರುವ ಅಳತೆಗೋಲು; ನೆರೆಮನೆಯ ಮಗುವನ್ನು ಅಳೆಯಲು ಅದನ್ನು ಬಳಸಿದರೆ ಅದು ಡೇವನ್‌ಪೋರ್ಟಿನ ಮಾತೇ ಆಗುತ್ತದೆ, ಭಾಷೆ ಮಾತ್ರ ಬೇರೆ.

ಚಿಕಿತ್ಸೆಯ ಇಂದಿನ ಸ್ಥಿತಿಯನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುವುದು ಒಳ್ಳೆಯದು. ಔಷಧಗಳ ವಿಷಯ ಬೇಗ ಮುಗಿಯುತ್ತದೆ. ಮಾನಸಿಕ ರೋಗಗಳಿಗೆ ಕೊಡುವ ಹ್ಯಾಲೊಪೆರಿಡಾಲ್ ಮುಂತಾದವುಗಳನ್ನು ಪ್ರಯತ್ನಿಸಿದ್ದುಂಟು. ದುಷ್ಪರಿಣಾಮಗಳು ಹೆಚ್ಚಾಗಿ ಬಹುಮಂದಿ ಬಿಟ್ಟರು. ಉಗ್ಗಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಪ್ಪಿಗೆ ಕೊಟ್ಟ ಮದ್ದು ಒಂದೂ ಇಲ್ಲ. ಮಿದುಳಿಗೆ ನೆತ್ತಿಯ ಮೇಲಿನಿಂದ ಅತಿ ಸೌಮ್ಯವಾದ ವಿದ್ಯುತ್ತನ್ನು ಹರಿಸುವ ಪ್ರಯೋಗವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕೇಟ್ ವಾಟ್ಕಿನ್ಸ್ ಮತ್ತು ಸಂಗಡಿಗರು ನಡೆಸಿ 2018ರಲ್ಲಿ ಪ್ರಕಟಿಸಿದರು. ಮೂವತ್ತು ಮಂದಿ ವಯಸ್ಕ ಗಂಡಸರು ಸತತ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಏಕಕಂಠದ ಓದು ಮತ್ತು ತಾಳಕ್ಕೆ ಸರಿಯಾಗಿ ಮಾತನಾಡುವ ಅಭ್ಯಾಸ ಮಾಡಿದರು. ಅರ್ಧ ಮಂದಿಗೆ ವಿದ್ಯುತ್ತು ಹರಿಯಿತು. ಉಳಿದವರಿಗೆ ಯಂತ್ರ ಇಟ್ಟಂತೆ ಮಾಡಿ ಹರಿಸಲಿಲ್ಲ. ವಾರದ ಬಳಿಕ ವಿದ್ಯುತ್ತು ಪಡೆದವರ ಉಗ್ಗು ಕಡಿಮೆಯಾಗಿತ್ತು. ಆರು ವಾರಗಳ ಬಳಿಕ ಆ ಸುಧಾರಣೆ ಓದುವಾಗ ಉಳಿದಿತ್ತು, ಸಂಭಾಷಣೆಯಲ್ಲಿ ಉಳಿದಿರಲಿಲ್ಲ.

ಈ ಪ್ರಯೋಗವನ್ನು 1939ರ ಪ್ರಯೋಗದ ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿಯೂ ಮರೆಮಾಚುವಿಕೆಯಿದೆ. ಆಕ್ಸ್‌ಫರ್ಡಿನಲ್ಲಿ ಮೂವತ್ತು ಮಂದಿಗೂ ತಮಗೆ ವಿದ್ಯುತ್ತು ಹರಿಯಿತೇ ಇಲ್ಲವೇ ಎಂಬುದನ್ನು ತಿಳಿಸಿರಲಿಲ್ಲ. ಸತ್ಯಾಣುವ್ರತದ ದೃಷ್ಟಿಯಿಂದ ಎರಡೂ ಒಂದೇ ಎಂದು ಅವಸರದಲ್ಲಿ ಹೇಳಿಬಿಡಬಹುದು. ಆದರೆ ಹೀಗೆ ಮರೆಮಾಚಲಾಗುವುದೆಂಬ ಸಂಗತಿಯನ್ನು ಆಕ್ಸ್‌ಫರ್ಡಿನವರಿಗೆ ಮೊದಲೇ ಹೇಳಲಾಗಿತ್ತು; ಅದನ್ನು ತಿಳಿದೇ ಅವರು ಸಮ್ಮತಿಸಿದ್ದರು; ಬೇಡವೆಂದು ಎದ್ದುಹೋಗುವ ದಾರಿ ತೆರೆದಿತ್ತು. ಹೂಡಿಕೆಯ ಅಪಾಯವನ್ನು ಪಾಲುದಾರನಿಗೆ ತಿಳಿಸಿ ನಡೆಸಿದ ವ್ಯಾಪಾರದಲ್ಲಿ ನಷ್ಟವಾದರೆ ಅದು ನಷ್ಟ. ತಿಳಿಸದೆ ನಡೆಸಿದರೆ ಅದು ಮೋಸ. ಉಪಕಾರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಯಾರ ಪ್ರಾಣವನ್ನು ಮುಟ್ಟಲಾಗುತ್ತಿದೆಯೋ ಅವನನ್ನು ಕೇಳದೆ ಮುಟ್ಟುವ ಅಧಿಕಾರವನ್ನು ಕರುಣೆ ಯಾರಿಗೂ ಕೊಡುವುದಿಲ್ಲ.

ಓದಿನಲ್ಲಿ ಉಳಿದು ಸಂಭಾಷಣೆಯಲ್ಲಿ ಉಳಿಯದ ಆ ಸುಧಾರಣೆಯೂ ಆಲೋಚನೆಗೆ ಎಡೆಕೊಡುತ್ತದೆ. ಅದಕ್ಕೆ ನರಗಳ ವಿವರಣೆ ಏನಿದ್ದರೂ ಇರಲಿ, ಓದುವಾಗ ಎದುರಿಗಿರುವುದು ಪುಸ್ತಕ. ಸಂಭಾಷಣೆಯಲ್ಲಿ ಎದುರಿಗಿರುವುದು ಮನುಷ್ಯ. ಪುಸ್ತಕ ಗಡಿಯಾರ ನೋಡುವುದಿಲ್ಲ. ಉಗ್ಗುವವರಲ್ಲಿ ಕೆಲವರು ಇತ್ತೀಚಿನ ವರ್ಷಗಳಲ್ಲಿ ತಮಗೆ ಚಿಕಿತ್ಸೆಯೇ ಬೇಡವೆನ್ನುತ್ತಿದ್ದಾರೆ. ತಾವು ಮಾತನಾಡುವ ರೀತಿಯೇ ಇದು, ಕಾಯುವುದನ್ನು ಕೇಳುವವರು ಕಲಿಯಲಿ ಎಂಬುದು ಅವರ ನಿಲುವು. ಇದರಲ್ಲಿ ನ್ಯಾಯವಿದೆ. ಅದೇ ವೇಳೆಗೆ, ಸಂದರ್ಶನಕ್ಕೆ ಹೋಗಬೇಕಾದ ಇಪ್ಪತ್ತೆರಡರ ತರುಣ ತನಗೆ ಚಿಕಿತ್ಸೆ ಬೇಕೆಂದರೆ ಅವನಿಗೆ ಸ್ವಾಭಿಮಾನದ ಉಪದೇಶ ಮಾಡಿ ಕಳಿಸುವುದೂ ಸರಿಯಲ್ಲ. ಬೇಡವೆನ್ನುವ ಹಕ್ಕೂ ಬೇಕೆನ್ನುವ ಹಕ್ಕೂ ಅವನದೇ. ಕನ್ಯೆ ನೋಡಲು ಹೋಗುವ ಮೊದಲು ಇವನ ಉಗ್ಗನ್ನು ಹೇಗಾದರೂ ಮಾಡಿ ನಿಲ್ಲಿಸಿಕೊಡಿ ಎಂದು ಕೇಳುವ ತಂದೆ ಮಗನಿಗಾಗಿ ಕೇಳುತ್ತಿದ್ದಾನೆಯೋ ಬೀಗರಿಗಾಗಿ ಕೇಳುತ್ತಿದ್ದಾನೆಯೋ ಎಂಬುದನ್ನು ತಾನೇ ವಿಚಾರಿಸಿಕೊಳ್ಳಬೇಕು.

ಚಿಕ್ಕ ಮಕ್ಕಳ ವಿಷಯ ಇದರಿಂದ ಭಿನ್ನ. ಅವರಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುವುದರಿಂದ ಫಲ ಹೆಚ್ಚು. ಸಿಡ್ನಿ ನಗರದಲ್ಲಿ ಮಾರ್ಕ್ ಆನ್ಸ್‌ಲೊ ಮತ್ತು ಸಂಗಡಿಗರು ರೂಪಿಸಿದ ಲಿಡ್‌ಕಂಬ್ ಪದ್ಧತಿಯಲ್ಲಿ ತಾಯಿ ಅಥವಾ ತಂದೆಯೇ ದಿನವೂ ಆಟದ ನಡುವೆ ಮಗುವಿನ ಸರಾಗವಾದ ಮಾತನ್ನು ಮೆಚ್ಚಿ ಹೇಳುತ್ತಾರೆ. ಎಂದಾದರೊಮ್ಮೆ ಮಾತ್ರ ತಡೆದುದನ್ನು ಮೃದುವಾಗಿ ಸೂಚಿಸುತ್ತಾರೆ. 2005ರಲ್ಲಿ ಪ್ರಕಟವಾದ, ನ್ಯೂಜಿಲೆಂಡಿನ 54 ಮಕ್ಕಳ ಮೇಲಿನ ಅಧ್ಯಯನ ಇದರ ಪ್ರಯೋಜನವನ್ನು ದೃಢಪಡಿಸಿತು. ಉಗ್ಗಿನ ಹೆಸರೆತ್ತಿದರೇ ಮಗು ಕೆಡುತ್ತದೆಂದ ಜಾನ್ಸನ್ನರ ಭಯ ಇದರಿಂದ ದೂರವಾಯಿತು. ಅದೇ ಕಿವಿ, ಅದೇ ತಾಯಿ. ಡೇವನ್‌ಪೋರ್ಟಿನಲ್ಲಿ ಎಣಿಸಿದ್ದು ತಪ್ಪುಗಳನ್ನು, ಇಲ್ಲಿ ಎಣಿಸುವುದು ಸರಿಯನ್ನು.

ಕರ್ನಾಟಕದವರಿಗೆ ಇದಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತೊಂದರೆಗಳಿಗೆ ಪರೀಕ್ಷೆಯೂ ಚಿಕಿತ್ಸೆಯೂ ದೊರೆಯುತ್ತವೆ; ಈ ವಿದ್ಯೆಯಲ್ಲಿ ದೇಶಕ್ಕೆ ಬೇಕಾದ ತಜ್ಞರನ್ನು ತರಬೇತಿಗೊಳಿಸುತ್ತಿರುವ ಸಂಸ್ಥೆಯೂ ಅದೇ. ಔಷಧದಾನದ ಹೆಸರಿನಲ್ಲಿ ಬಸದಿಗಳ ಟ್ರಸ್ಟುಗಳು ಕಣ್ಣಿನ ಶಿಬಿರಗಳನ್ನೂ ರಕ್ತದಾನ ಶಿಬಿರಗಳನ್ನೂ ನಡೆಸುತ್ತಿರುವುದು ಸ್ತುತ್ಯ. ದೂರದ ಹಳ್ಳಿಯಿಂದ ಒಂದು ಮಗುವನ್ನು ತಾಯಿಯೊಡನೆ ಮೈಸೂರಿಗೆ ಕಳಿಸಿ ಕೆಲವು ವಾರ ಇರಿಸಲು ಬೇಕಾಗುವ ವೆಚ್ಚ, ಒಂದು ಹೊತ್ತಿನ ಸಮಾರಂಭದ ಶಾಮಿಯಾನದ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ಅದಕ್ಕೆ ವೆಚ್ಚವೇ ಇಲ್ಲ. ಆದರೆ ಹೊತ್ತು ಬೇಕು, ಮತ್ತು ವ್ಯಾಪಾರಸ್ಥರಿಗೆ ಹಣಕ್ಕಿಂತ ಹೊತ್ತು ದುಬಾರಿ. ಉಗ್ಗುವವನ ಮುಂದೆ ನಿಂತವನು ಆ ಪದವನ್ನು ತಾನು ಪೂರ್ತಿ ಮಾಡದೆ, ನಿಧಾನವೆಂದು ಹೇಳದೆ, ಕಣ್ಣು ತಪ್ಪಿಸದೆ, ಅವನೇ ಮುಗಿಸುವವರೆಗೆ ಕಾಯುವುದು ಹೇಳಿದಷ್ಟು ಸುಲಭವಲ್ಲವೆಂಬುದನ್ನು ಮಾಡಿನೋಡಿದವರು ಬಲ್ಲರು. ಭಾಷಾಸಮಿತಿಯನ್ನು ಆಡುವವನಿಗೆ ವಿಧಿಸಿದ ನಿಯಮವೆಂದೇ ಎಲ್ಲರೂ ಓದುತ್ತಾರೆ. ಬೇರೊಬ್ಬನ ಮಾತಿನ ನಡುವೆ ತನ್ನ ಮಾತನ್ನು ತೂರಿಸದಿರುವುದೂ ಅದರೊಳಗೇ ಸೇರಬೇಕಲ್ಲವೇ?

ಪಾಠಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಕಂಠಪಾಠ ಒಪ್ಪಿಸುವ ಪದ್ಧತಿ ಎಲ್ಲ ಕಡೆಯೂ ಇದೆ. ಉಗ್ಗುವ ಹುಡುಗನ ಸರದಿ ಬಂದಾಗ ಪಟ್ಟಿಯಿಂದ ಅವನ ಹೆಸರನ್ನು ಕನಿಕರದಿಂದ ಬಿಟ್ಟುಬಿಡುವುದೂ ಉಂಟು, ಹೆದರಿಕೆ ಬಿಡಲೆಂದು ಹಟದಿಂದ ನಿಲ್ಲಿಸುವುದೂ ಉಂಟು. ಮೊದಲು ಅವನನ್ನೇ ಬದಿಗೆ ಕರೆದು ನಿನಗೆ ಹೇಗೆ ಬೇಕಪ್ಪ ಎಂದು ಕೇಳಿದ ಗುರುಗಳು ಅಪರೂಪ. ಒಬ್ಬನೇ ಹೇಳುತ್ತೇನೆಂದರೆ ಸಭೆ ಕಾಯಲಿ. ಜೊತೆ ಬೇಕೆಂದರೆ ಹತ್ತು ಮಂದಿಯ ಗುಂಪೇ ಆಗಬೇಕಾಗಿಲ್ಲ. ಇನ್ನೊಂದೇ ಧ್ವನಿ ಸಾಕಾಗುತ್ತದೆಂದು ಚಿಕಿತ್ಸಕರು ಕಂಡಿದ್ದಾರೆ. ಪಕ್ಕದಲ್ಲಿ ಕೂಡುವ ಗೆಳೆಯನೊಬ್ಬನು ಎದ್ದುಬಂದು, ಮೈಕಿನಿಂದ ಒಂದು ಹೆಜ್ಜೆ ಹಿಂದೆ ನಿಂತು, ಮೊದಲ ಸಾಲನ್ನು ಅವನೊಡನೆ ಮೆಲುದನಿಯಲ್ಲಿ ಆರಂಭಿಸಬಹುದು.